ನಮ್ಮೂರ ಹೊಲಗಳ ಮಣ್ಣು ಪರೀಕ್ಷೆ: ನನ್ನ ಅನುಭವ

ನಮ್ಮದು ಶಿರಾ ಕಡೆಯ ಮಳೆಯಾಶ್ರಿತ ಊರು. ಕಡಲೆಕಾಯಿ, ರಾಗಿ, ತೊಗರಿ, ಈಚೆಗೆ ಮುಸುಕಿನ ಜೋಳ ಬೆಳೆಯುತ್ತೇವೆ. 2015ರಲ್ಲಿ ಶುರುವಾದ ಕೇಂದ್ರ ಸರ್ಕಾರದ ಯೋಜನೆಯ ಮಣ್ಣು ಆರೋಗ್ಯ ಕಾರ್ಡ್, ಅಂದರೆ ಮಣ್ಣಲ್ಲಿ ಯಾವ ಪೋಷಕಾಂಶ ಎಷ್ಟಿದೆ ಅಂತ ತಿಳಿಸುವ ಚೀಟಿ, ಬಹಳ ಮನೆಗಳಲ್ಲಿದೆ. ಅದನ್ನು ನೋಡಿ ಗೊಬ್ಬರ ಹಾಕುವವರು ಮಾತ್ರ ಕಡಿಮೆ. ಅದಕ್ಕೆ ಕಾರಣವೂ ಇದೆ. ಆ ಯೋಜನೆಯಲ್ಲಿ ನೀರಾವರಿ ಜಮೀನಾದರೆ 2.5 ಹೆಕ್ಟೇರಿಗೆ ಒಂದು ಮಾದರಿ, ಮಳೆಯಾಶ್ರಿತ ಆದರೆ 10 ಹೆಕ್ಟೇರಿಗೆ ಒಂದು. 10 ಹೆಕ್ಟೇರ್ ಅಂದರೆ 25 ಎಕರೆ. ನಮ್ಮಲ್ಲಿ ಅಷ್ಟರೊಳಗೆ ಎಷ್ಟೋ ಜನರ ಹೊಲ ಬರುತ್ತದೆ. ದಿಬ್ಬದ ಗರಸು ಮಣ್ಣಿಗೂ ತಗ್ಗಿನ ಗೋಡು ಮಣ್ಣಿಗೂ ಒಂದೇ ಫಲಿತಾಂಶ ಕೊಟ್ಟರೆ ರೈತ ನಂಬುವುದು ಹೇಗೆ, ಅಲ್ವಾ?

ಹಾಗಾಗಿ ನಾವು ಕೆಲವರು ಸೇರಿ ನಮ್ಮ ಹೊಲಗಳ ಮಣ್ಣನ್ನು ನಾವೇ ತೆಗೆದು ಪರೀಕ್ಷೆಗೆ ಕಳಿಸಿದೆವು. ರಾಜ್ಯ ಸರ್ಕಾರ ಇಕ್ರಿಸ್ಯಾಟ್ ಎಂಬ ಕೃಷಿ ಸಂಶೋಧನಾ ಸಂಸ್ಥೆಯ ಜೊತೆ 2009ರಲ್ಲಿ ಶುರು ಮಾಡಿದ ಭೂಚೇತನ ಯೋಜನೆಯಲ್ಲಿ ಇಳಿಜಾರು, ಮಣ್ಣಿನ ಬಗೆ, ಬೆಳೆ ನೋಡಿ ಮಾದರಿ ತೆಗೆಯುತ್ತಿದ್ದರು. ಅದೇ ನಮಗೆ ದಾರಿ. ಊರಿನ ಜಮೀನನ್ನು ದಿಬ್ಬ, ನಡು, ತಗ್ಗು ಅಂತ ಮೂರು ಮಾಡಿಕೊಂಡೆವು. ಯಾವ ಹೊಲದ ಮಣ್ಣು ಎಲ್ಲಿ ಬದಲಾಗುತ್ತದೆ ಅಂತ ಹಿರಿಯರು ನಡೆದು ತೋರಿಸಿದರು. ಉಳುಮೆ ಮಾಡಿದವರ ಕಾಲಿಗೆ ಗೊತ್ತಿರುವಷ್ಟು ನಕ್ಷೆಗೆ ಗೊತ್ತಿರುವುದಿಲ್ಲ.

ಬೇಸಿಗೆಯಲ್ಲಿ, ಗೊಬ್ಬರ ಹೊಡೆಯುವುದಕ್ಕೆ ಮುಂಚೆ ಈ ಕೆಲಸ ಮಾಡಬೇಕು. ಬದು, ಮರದ ನೆರಳು, ತಿಪ್ಪೆ ಇದ್ದ ಜಾಗ, ನೀರು ನಿಲ್ಲುವ ಜಾಗ ಬಿಡಬೇಕು. ಹೊಲದಲ್ಲಿ ಅಡ್ಡಾದಿಡ್ಡಿ ನಡೆಯುತ್ತಾ ಎಂಟು ಹತ್ತು ಕಡೆ ಮೇಲಿನ ಕಸಕಡ್ಡಿ ಸರಿಸಿ, ಇಂಗ್ಲಿಷಿನ ವಿ ಆಕಾರದಲ್ಲಿ 15 ಸೆಂಟಿಮೀಟರ್ ಆಳದ ಗುಂಡಿ ತೋಡಿದೆವು. ಗುಂಡಿಯಿಂದ ಬಂದ ಮಣ್ಣು ಬೇಡ. ಗುಂಡಿಯ ಗೋಡೆಯಿಂದ ಮೇಲಿಂದ ಕೆಳಗಿನವರೆಗೆ ಎರಡು ಬೆರಳು ದಪ್ಪ ಕೆರೆದದ್ದು ಮಾತ್ರ ಬೇಕು. ಗುದ್ದಲಿ ತಾಗಿದ ಮಣ್ಣನ್ನು ಮೊದಲು ಬಿದಿರಿನ ಸೀಳಿನಿಂದ ಕೆರೆದು ಬಿಸಾಡಿ, ಆಮೇಲೆ ಒಳಗಿನದನ್ನು ತೆಗೆದೆವು. ತುಂಬಿದ್ದು ಪ್ಲಾಸ್ಟಿಕ್ ಬಕೆಟ್ಟಿಗೆ. ಹೊಳೆಯುವ ತಗಡಿನ ಬಕೆಟ್ಟಿಗೆ ಸತುವಿನ ಲೇಪ ಇರುತ್ತದೆ, ಅದು ಮಣ್ಣಿಗೆ ಸೇರಿದರೆ ಸತುವಿನ ಲೆಕ್ಕವೇ ತಪ್ಪುತ್ತದೆ. ಖಾಲಿ ಯೂರಿಯಾ ಚೀಲವಂತೂ ಬೇಡವೇ ಬೇಡ.

ಆಮೇಲೆ ಎಲ್ಲ ಮಣ್ಣನ್ನೂ ಒಂದು ಹಾಳೆ ಮೇಲೆ ಹರವಿ, ಕಲ್ಲು ಬೇರು ಆರಿಸಿ, ಹೆಂಟೆ ಪುಡಿ ಮಾಡಿ ಚೆನ್ನಾಗಿ ಕಲಸಬೇಕು. ನಾಲ್ಕು ಪಾಲು ಮಾಡಿ ಎದುರುಬದುರಿನ ಎರಡು ಪಾಲು ತೆಗೆದುಹಾಕಿ, ಉಳಿದದ್ದನ್ನು ಮತ್ತೆ ಕಲಸಬೇಕು. ಅರ್ಧ ಕೆಜಿ ಉಳಿಯುವವರೆಗೆ ಹೀಗೇ. ನೆರಳಲ್ಲಿ ಒಣಗಿಸಿ, ಹೆಸರು, ಸರ್ವೆ ನಂಬರ್, ಹಿಂದಿನ ಬೆಳೆ, ಮುಂದಿನ ಬೆಳೆ ಬರೆದ ಚೀಟಿ ಹಾಕಿ ರೈತ ಸಂಪರ್ಕ ಕೇಂದ್ರಕ್ಕೆ ಕೊಟ್ಟೆವು.

ವರದಿಯನ್ನು ಹೊಲದಲ್ಲೇ ಕೂತು ಓದಿದೆವು. ದಿಬ್ಬದ ಹೊಲಗಳಲ್ಲಿ ಸಾವಯವ ಇಂಗಾಲ 0.5 ಪರ್ಸೆಂಟಿಗಿಂತ ಕಡಿಮೆ. ಗಂಧಕ, ಸತು, ಬೋರಾನ್ ಕೂಡ ಕಡಿಮೆ. ಆದರೆ ವರ್ಷವರ್ಷ ರಂಜಕದ ಗೊಬ್ಬರವಾದ ಡಿಎಪಿ ಸುರಿದ ಹೊಲಗಳಲ್ಲಿ ರಂಜಕ ಸಾಕಷ್ಟಿತ್ತು. ಇರುವುದನ್ನೇ ದುಡ್ಡು ಕೊಟ್ಟು ಮತ್ತೆ ಹಾಕುತ್ತಿದ್ದರು, ಇಲ್ಲದ್ದನ್ನು ಕೇಳಿಯೂ ಇರಲಿಲ್ಲ. ಒಬ್ಬರ ಮುಸುಕಿನ ಜೋಳದ ಎಳೆ ಎಲೆಗಳಲ್ಲಿ ನಡುನರದ ಎರಡೂ ಪಕ್ಕ ಬಿಳಿ ಪಟ್ಟಿ ಬರುತ್ತಿತ್ತು. ಅವರು ಯೂರಿಯಾ ಹಾಕುತ್ತಲೇ ಇದ್ದರು. ಸತುವಿಗೆ 0.6 ಪಿಪಿಎಂ (ಹತ್ತು ಲಕ್ಷ ಪಾಲು ಮಣ್ಣಿಗೆ 0.6 ಪಾಲು) ಗಡಿ, ಅವರ ಹೊಲದ್ದು ಅದಕ್ಕಿಂತ ಕೆಳಗೆ. ವರದಿಯ ಅಂಕಿಯನ್ನೂ ಆ ಎಲೆಯನ್ನೂ ಒಟ್ಟಿಗೆ ತೋರಿಸಿದಾಗ ಬೇರೆ ಏನೂ ಹೇಳಬೇಕಾಗಲಿಲ್ಲ. ಮುಂದಿನ ಬಿತ್ತನೆಗೆ ಎಕರೆಗೆ 10 ಕೆಜಿ ಜಿಂಕ್ ಸಲ್ಫೇಟ್ ಹಾಕಿದರು, ಡಿಎಪಿ ಜೊತೆ ಬೆರೆಸದೆ ಬೇರೆಯಾಗಿ.

ಕಡಲೆಕಾಯಿಗೆ ನಾವು ಡಿಎಪಿ ಬಿಟ್ಟು ಸೂಪರ್ ಫಾಸ್ಫೇಟಿಗೆ ಬಂದೆವು. ಅದರಲ್ಲಿ ರಂಜಕದ ಜೊತೆ ಗಂಧಕ, ಸುಣ್ಣದ ಅಂಶವೂ ಇದೆ. ಜೊತೆಗೆ ಎಕರೆಗೆ 200 ಕೆಜಿ ಜಿಪ್ಸಮ್. ಇಂಗಾಲದ ಕೊರತೆ ಮಾತ್ರ ಚೀಲದಿಂದ ತೀರುವುದಿಲ್ಲ. ಕೊಟ್ಟಿಗೆ ಗೊಬ್ಬರ ಬೇಕು, ದನ ಕಡಿಮೆಯಾದ ಊರಲ್ಲಿ ಅದೇ ಕಷ್ಟ. ಅದಕ್ಕೇ ಗೊಬ್ಬರವಾಗಿ ಮಣ್ಣಿಗೆ ಸೇರಿಸಲು ಹೊಂಗೆ, ಗ್ಲಿರಿಸಿಡಿಯಾ ಸೊಪ್ಪನ್ನು ಬದುವಿನಲ್ಲೇ ಬೆಳೆಸಲು ಶುರು ಮಾಡಿದ್ದೇವೆ.

ಇನ್ನೊಂದು ಮಾತು. ವರದಿಯ ಲೆಕ್ಕ ಹೆಕ್ಟೇರಿಗೆ ಇರುತ್ತದೆ, ಎಕರೆಗೆ ಬೇಕಾದರೆ ಎರಡೂವರೆಯಿಂದ ಭಾಗಿಸಿ. ಮೂರು ವರ್ಷಕ್ಕೊಮ್ಮೆ ಅದೇ ಹೊಲದಿಂದ ಮತ್ತೆ ಮಣ್ಣು ತೆಗೆಯಿರಿ. ಕೆರೆ ಹೂಳು ಹೊಡೆಸಿದ ಹೊಲವಿದ್ದರೆ ಅದರ ಮಾದರಿಯನ್ನು ಪಕ್ಕದ್ದರ ಜೊತೆ ಸೇರಿಸಬೇಡಿ. ನಮ್ಮೂರ ತಗ್ಗಿನ ಹೊಲಗಳಿಗೆ ಈ ಸಲ ಹೂಳು ಬಿದ್ದಿದೆ, ಬರುವ ಬೇಸಿಗೆಗೆ ಅವೇ ಮೊದಲು.