ಅಪ್ಪ ಬಂದನೋ, ಬಂದರೋ?

ಎರಡು ವರ್ಷದ ಹಿಂದೆ ಅಮ್ಮ ಶಿವಮೊಗ್ಗದಿಂದ ಕ್ಯಾಲಿಫೋರ್ನಿಯಾದ ನಮ್ಮ ಮನೆಗೆ ಬಂದಿದ್ದಳು. ಆಗ ನಾನು ಮೆಕ್ಸಿಕೊ ಮೂಲದ ಅಮೆರಿಕನ್ ಲೇಖಕಿ ರೇನಾ ಗ್ರಾಂಡೆ ಅವರ 2012ರ ಆತ್ಮಕತೆ ಓದುತ್ತಿದ್ದೆ. ‘ಅದರಲ್ಲಿ ಏನಿದೆ?’ ಎಂದು ಅಮ್ಮ ಕೇಳಿದಳು. ಅವಳಿಗೆ ಇಂಗ್ಲಿಷ್ ಓದಲು ಬರುವುದಿಲ್ಲ. ದಿನಕ್ಕೆ ಎರಡು ಪುಟ ಕನ್ನಡಕ್ಕೆ ಮಾಡಿ, ರಾತ್ರಿ ಊಟ ಆದಮೇಲೆ ಓದಿ ಹೇಳತೊಡಗಿದೆ. ನನ್ನ ಅನುವಾದದ ಕೆಲಸ ಶುರುವಾದದ್ದು ಹೀಗೆ.

ಅಮೆರಿಕದಲ್ಲಿರುವ ಮೆಕ್ಸಿಕೊ ಮೂಲದ ಅನೇಕರು ತಮ್ಮನ್ನು ಚಿಕಾನೊ ಎಂದು ಕರೆದುಕೊಳ್ಳುತ್ತಾರೆ. ಮೊದಲು ಹೀಯಾಳಿಸುವ ಮಾತಾಗಿದ್ದ ಇದನ್ನು 1960ರ ದಶಕದ ಹೋರಾಟಗಾರರು ಹೆಮ್ಮೆಯಿಂದ ಎತ್ತಿಕೊಂಡರು. ಚಿಕಾನೊ ಆತ್ಮಕತೆಗಳಲ್ಲಿ ಮನೆಯೊಳಗಿನ ಕತೆಯೇ ಜಾಸ್ತಿ. ನಾನು ಓದುತ್ತಿದ್ದದ್ದೂ ಅಂಥದ್ದೇ.

ರೇನಾ ಹುಟ್ಟಿದ್ದು 1975ರಲ್ಲಿ, ಮೆಕ್ಸಿಕೊದ ಇಗ್ವಾಲಾದಲ್ಲಿ. ಸ್ವಂತ ಮನೆ ಕಟ್ಟಲು ದುಡ್ಡು ಬೇಕೆಂದು ಅಪ್ಪ ಅಮೆರಿಕಕ್ಕೆ ಹೋದಾಗ ಅವಳಿಗೆ ಎರಡು ವರ್ಷ. ಆಮೇಲೆ ಅಮ್ಮನೂ ಹೋದಳು. ಮಕ್ಕಳು ಅಜ್ಜಿ ಮನೆಯಲ್ಲಿ ಉಳಿದರು. ಅಪ್ಪ ಅಂದರೆ ಗಾಜಿನ ಹಿಂದಿನ ಒಂದು ಫೋಟೊ, ಅಷ್ಟೇ. 1985ರಲ್ಲಿ, ಒಂಬತ್ತು ವರ್ಷದವಳಿದ್ದಾಗ, ಅಪ್ಪನ ಜೊತೆ ಮೂರನೇ ಪ್ರಯತ್ನದಲ್ಲಿ ಗಡಿ ದಾಟಿದಳು. ಲಾಸ್ ಏಂಜಲೀಸ್‌ನ ಮನೆಯಲ್ಲಿ ಕುಡಿತ ಇತ್ತು, ಬೆಲ್ಟಿನ ಏಟು ಇತ್ತು. ಶಾಲೆ ತಪ್ಪಿಸಲೇಬಾರದು ಎಂಬ ಅಪ್ಪನ ಹಟವೂ ಇತ್ತು.

ನನಗೆ ಮೊದಲು ತೊಡಕಾದದ್ದು ಒಂದು ಸಣ್ಣ ಪದ. ಸ್ಪ್ಯಾನಿಷ್ ಮನೆಗಳ ಮಕ್ಕಳು ಅಪ್ಪನನ್ನು ಮುದ್ದಾಗಿ ‘ಪಾಪಿ’ ಅನ್ನುತ್ತಾರೆ. ರೇನಾ ಕೂಡ ಹಾಗೇ ಬರೆಯುತ್ತಾರೆ. ನಾನು ಹಾಗೇ ಉಳಿಸಿ ಓದಿದೆ. ಅಮ್ಮನಿಗೆ ಗಾಬರಿ. ‘ಹೆತ್ತಪ್ಪನಿಗೆ ಪಾಪಿ ಅಂತಾಳಾ?’ ಆ ರಾತ್ರಿಯೇ ಎಲ್ಲ ಕಡೆ ‘ಅಪ್ಪ’ ಎಂದು ಮಾಡಿದೆ.

ಅದಕ್ಕಿಂತ ಕಷ್ಟದ್ದು ಕ್ರಿಯಾಪದದ ತುದಿ. ಇಂಗ್ಲಿಷಿನಲ್ಲಿ ಅಪ್ಪ ಬರೀ ‘ಹಿ’. ಕನ್ನಡದಲ್ಲಿ ಬಂದನೋ ಬಂದರೋ, ಹೊಡೆದನೋ ಹೊಡೆದರೋ ಎಂದು ಪ್ರತಿ ಸಾಲಿನಲ್ಲೂ ತೀರ್ಮಾನ ಮಾಡಲೇಬೇಕು. ನಮ್ಮ ಮನೆಯಲ್ಲಿ ಅಮ್ಮ ಬಂದಳು, ಅಪ್ಪ ಬಂದರು. ಆದರೂ ಇಡೀ ಕರಡಿನಲ್ಲಿ ನಾನು ‘ಅವನು’ ಎಂದೇ ಬರೆದಿದ್ದೆ. ಒಂದು ರಾತ್ರಿ ಅಮ್ಮ ತಡೆದಳು. ‘ಹೀಗೆ ಆ ಹುಡುಗಿ ಅಂತಾಳಾ, ನೀನು ಅಂತೀಯಾ ಕಣೇ?’

ನನ್ನ ಅಪ್ಪನೂ ಕೈ ಎತ್ತುತ್ತಿದ್ದವರೇ. ಅಮ್ಮ ಯಾಕೆ ಕೇಳಿದಳು ಎಂದು ನನಗೆ ಗೊತ್ತಾಯಿತು. ರೇನಾ ಪುಸ್ತಕದಲ್ಲಿ ಏಟನ್ನು ಮುಚ್ಚಿಡುವುದಿಲ್ಲ, ಆದರೆ ಅಪ್ಪನಿಗಾಗಿ ಕಾಯುವುದನ್ನೂ ಬಿಡುವುದಿಲ್ಲ. ನನ್ನ ಕನ್ನಡದಲ್ಲಿ ಆ ಕಾಯುವಿಕೆ ಇರಲೇ ಇಲ್ಲ. ನನ್ನ ಸಿಟ್ಟನ್ನು ಅವರ ಪುಟಕ್ಕೆ ತುಂಬಿದ್ದೆ.

ಎಲ್ಲವನ್ನೂ ‘ಅವರು’ ಮಾಡಿ ನೋಡಿದೆ. ‘ಬೆಲ್ಟಿನಿಂದ ಹೊಡೆದರು’ ಎಂಬುದು ಏಟಿಗೇ ಮರ್ಯಾದೆ ಕೊಟ್ಟಂತೆ ಕೇಳಿಸಿತು. ಆಮೇಲೆ ಹೊಳೆದದ್ದು ಇದು. ಪುಟ್ಟ ಮಗು ಫೋಟೊ ಮುಂದೆ ಕೂತಾಗ ‘ಅಪ್ಪ ಬರ್ತಾನೆ’ ಅನ್ನುತ್ತದೆ. ಅಲ್ಲಿ ಏಕವಚನ ಅಂದರೆ ಸಲಿಗೆ. ಲಾಸ್ ಏಂಜಲೀಸ್‌ನಲ್ಲಿ ನಿಜವಾದ ಅಪ್ಪನ ಜೊತೆ ಇರತೊಡಗಿದಾಗ ‘ಬಂದರು’. ಇಲ್ಲಿ ಬಹುವಚನ ಅಂದರೆ ದೂರ, ಭಯ. ಹೀಗೆ ಇಟ್ಟಮೇಲೆ ‘ಹೊಡೆದರು’ ಎಂಬಲ್ಲಿ ಹುಡುಗಿಯ ನಡುಕ ಕೇಳಿಸತೊಡಗಿತು. ಈ ಬದಲಾವಣೆಗೇ ಎರಡು ತಿಂಗಳು ಹಿಡಿಯಿತು.

ನಡುವೆ ಇನ್ನೊಬ್ಬ ಚಿಕಾನೊ ಲೇಖಕಿ ಸಾಂಡ್ರಾ ಸಿಸ್ನೆರೋಸ್ ಅವರ 1990ರ ಒಂದು ಪ್ರಬಂಧವನ್ನೂ ಕನ್ನಡಕ್ಕೆ ಮಾಡಿದೆ. ಅಲ್ಲಿ ತೊಡಕು ಉಲ್ಟಾ ಆಯಿತು. ಶಿಕಾಗೊದ ಮನೆ, ಆರು ಅಣ್ಣತಮ್ಮಂದಿರಿಗೆ ಒಬ್ಬಳೇ ಹುಡುಗಿ. ಸ್ಪ್ಯಾನಿಷಿನ ‘ಈಹೋಸ್’ ಅಂದರೆ ಗಂಡುಮಕ್ಕಳೂ ಹೌದು, ಬರೀ ಮಕ್ಕಳೂ ಹೌದು. ಅಪ್ಪ ಅದನ್ನು ಇಂಗ್ಲಿಷಿಗೆ ತಂದು ‘ನನಗೆ ಏಳು ಗಂಡುಮಕ್ಕಳು’ ಅನ್ನುತ್ತಿದ್ದರು. ತಾನು ಅಳಿಸಿಹೋದಂತೆ ಮಗಳಿಗೆ ಅನಿಸುತ್ತಿತ್ತು. ಕನ್ನಡದಲ್ಲಿ ‘ಏಳು ಮಕ್ಕಳು’ ಅಂದರೆ ಆ ನೋವೇ ಇಲ್ಲ. ‘ಏಳು ಗಂಡುಮಕ್ಕಳು’ ಅಂದರೆ ಅಪ್ಪ ಸುಳ್ಳು ಹೇಳಿದಂತೆ. ಕೊನೆಗೆ ‘ಈಹೋಸ್’ ಪದವನ್ನೇ ಉಳಿಸಿ, ಅರ್ಥವನ್ನು ಮಗಳ ಬಾಯಲ್ಲೇ ಹೇಳಿಸಿದೆ. ಅದೇ ಅಪ್ಪ ಮುಂದೆ ಮಗಳ ಒಂದು ಕತೆಯನ್ನು ಸ್ಪ್ಯಾನಿಷಿನಲ್ಲಿ ನಿಧಾನವಾಗಿ ಓದಿ ಮುಗಿಸಿ, ನೆಂಟರಿಗೆ ಕೊಡಲು ಇನ್ನಷ್ಟು ಪ್ರತಿ ಎಲ್ಲಿ ಸಿಗುತ್ತದೆ ಎಂದು ಕೇಳುತ್ತಾರೆ. ಅದನ್ನು ಕನ್ನಡಕ್ಕೆ ತರುವುದು ಸುಲಭವಾಗಿತ್ತು. ಓದುವಾಗ ಮಾತ್ರ ನನ್ನ ಗಂಟಲು ಕಟ್ಟಿತು.

ರೇನಾ ಕತೆಗೆ ವಾಪಸ್ ಬಂದೆವು. ಅಪ್ಪನ ಮನೆಯಲ್ಲಿ ಇರಲಾಗದಂತಾದಾಗ ಲಾಸ್ ಏಂಜಲೀಸ್ ಹತ್ತಿರದ ಪ್ಯಾಸಡೀನಾದ ಕಾಲೇಜಿನ ಟೀಚರ್ ಒಬ್ಬರು ಅವಳನ್ನು ತಮ್ಮ ಮನೆಯಲ್ಲೇ ಇಟ್ಟುಕೊಳ್ಳುತ್ತಾರೆ. ಮುಂದೆ ಅವಳು ಆ ಮನೆತನದ ಮೊದಲ ಪದವೀಧರೆ ಆಗುತ್ತಾಳೆ. ಓದಲೇಬೇಕೆಂಬ ಹಟ ತನಗೆ ಬಂದದ್ದು ಅಪ್ಪನಿಂದಲೇ ಎಂಬುದನ್ನೂ ಮರೆಮಾಚುವುದಿಲ್ಲ. ನನಗೆ ಅವರಲ್ಲಿ ತುಂಬಾ ಹಿಡಿಸಿದ್ದು ಈ ಪ್ರಾಮಾಣಿಕತೆ.

ಕೊನೆಯ ಪುಟಗಳಲ್ಲಿ ಅಪ್ಪನಿಗೆ ಲಿವರ್ ಕ್ಯಾನ್ಸರ್. ಅಲ್ಲಿ ಮತ್ತೆ ಏಕವಚನಕ್ಕೆ ಮರಳಿದೆ. ‘ಅಪ್ಪ ಮಲಗಿದ್ದ’ ಎಂದು ಓದಿದೆ. ಅಮ್ಮ ಈ ಸಲ ತಡೆಯಲಿಲ್ಲ. ಸ್ವಲ್ಪ ಹೊತ್ತು ಬಿಟ್ಟು ಹೇಳಿದಳು: ‘ಆ ಫೋಟೊ ಭಾಗ ಇನ್ನೊಂದ್ಸಲ ಓದು.’