'ಸೆಟ್' ಪದವನ್ನು ಕನ್ನಡದಲ್ಲಿ ಕೂರಿಸಿದ ಕತೆ

ನಾನು ಇಂಗ್ಲಿಷಿನಿಂದ ಕನ್ನಡಕ್ಕೆ ಅನುವಾದ ಮಾಡುವವಳು. ಕತೆ, ಕವಿತೆ ಅಲ್ಲ. ಮಿಕ್ಸಿ, ಫ್ರಿಜ್ಜು ಕೊಂಡಾಗ ಜೊತೆಗೊಂದು ಪುಸ್ತಿಕೆ ಬರುತ್ತದಲ್ಲ, ಯಾರೂ ಓದದೆ ಡ್ರಾಯರಿಗೆ ಹಾಕುತ್ತಾರಲ್ಲ, ಅದು. ಬೆಂಗಳೂರಿನ ಶ್ರೀನಗರದ ಮನೆಯಲ್ಲೇ ಕೂತು ಹನ್ನೊಂದು ವರ್ಷದಿಂದ ಇದೇ ಕೆಲಸ.

ಶುರುವಿನಲ್ಲಿ ಒಂದು ಫ್ರಿಜ್ಜಿನ ಪುಸ್ತಿಕೆ ಬಂತು. ಕೆಲಸ ಕೊಟ್ಟ ಏಜೆನ್ಸಿಯವರದು ಒಂದೇ ನಿಯಮ: ಒಂದು ಇಂಗ್ಲಿಷ್ ಪದಕ್ಕೆ ಒಂದೇ ಕನ್ನಡ ಪದ. 'ಸೆಟ್' ಅಂದರೆ 'ಹೊಂದಿಸಿ'. ಸಾಫ್ಟ್‌ವೇರ್ ಅದನ್ನು ನೆನಪಿಟ್ಟುಕೊಂಡು ತಾನೇ ತುಂಬುತ್ತಾ ಹೋಗುತ್ತಿತ್ತು. ರಾತ್ರಿಯೊಳಗೆ ಕಳಿಸಬೇಕಿತ್ತು, ನಾನೂ ಸುಮ್ನೆ ಓಕೆ ಒತ್ತುತ್ತಾ ಹೋದೆ. 'ತಂಪನ್ನು ಹೊಂದಿಸಿ', ಸರಿ. ಆಮೇಲೆ 'ಪುಡಿಂಗ್ ಹೊಂದಿಸಲು ನಾಲ್ಕು ಗಂಟೆ ಬಿಡಿ' ಅಂತ ಬಂದಿದ್ದು ನನ್ನ ಕಣ್ಣಿಗೆ ಬೀಳಲೇ ಇಲ್ಲ. ಅಚ್ಚಾಗಿ ಬಂದ ಮೇಲೆ ಅಮ್ಮ ಓದಿ ಕೇಳಿದರು: "ಪುಡಿಂಗ್‌ನ ಯಾರ್ ಜೊತೆ ಹೊಂದಿಸ್ಬೇಕೇ? ಜಾತಕ ಕೊಡ್ತಾರಾ?"

ಆ ನಗು ಮುಗಿದ ಮೇಲೆ ನನಗೆ ಹೊಟ್ಟೆಯಲ್ಲಿ ಸಂಕಟ. ಅವತ್ತೇ ಒಂದು ನೋಟ್‌ಬುಕ್ ತೆಗೆದು ಮೊದಲ ಪುಟದಲ್ಲಿ 'ಸೆಟ್' ಅಂತ ಬರೆದೆ. ಒಂದು ಪುಟ ಸಾಕು ಅಂದುಕೊಂಡಿದ್ದೆ. ಆಕ್ಸ್‌ಫರ್ಡ್ ಇಂಗ್ಲಿಷ್ ನಿಘಂಟಿನ 1989ರ ಎರಡನೇ ಆವೃತ್ತಿಯಲ್ಲಿ ಈ ಒಂದು ಕ್ರಿಯಾಪದಕ್ಕೆ ಸುಮಾರು 430 ಅರ್ಥ ಇವೆ, ವಿವರಣೆಯೇ ಸುಮಾರು 60,000 ಪದ ಅಂತ ಆಮೇಲೆ ಗೊತ್ತಾಯಿತು. 2011ರಲ್ಲಿ 'ರನ್' 645 ಅರ್ಥಗಳೊಂದಿಗೆ ಇದನ್ನು ಹಿಂದೆ ಹಾಕಿತು. ಅದು ಪಾಪ ಬೇರೆಯವರ ತಲೆನೋವು.

ಪದದ ಬೇರು ಹುಡುಕಿದಾಗ ಖುಷಿಯಾಯಿತು. ಹಳೆಯ ಇಂಗ್ಲಿಷಿನಲ್ಲಿ 'ಸಿಟ್ಟನ್' ಅಂದರೆ ಕೂರು, 'ಸೆಟ್ಟನ್' ಅಂದರೆ ಕೂರಿಸು. ಅಷ್ಟೇ! ಗೌರಿ ಕೂರಿಸುತ್ತೇವೆ, ದಸರೆಗೆ ಗೊಂಬೆ ಕೂರಿಸುತ್ತೇವೆ, ಬಾಗಿಲಿಗೆ ಚೌಕಟ್ಟು ಕೂರಿಸುತ್ತೇವೆ. ಒಡವೆ ಅಂಗಡಿಯೊಂದರ ಪುಸ್ತಿಕೆ ಮಾಡುವಾಗ ನಗರ್ತಪೇಟೆಗೆ ಹೋಗಿದ್ದೆ. ಅಲ್ಲೊಬ್ಬರು ಉಂಗುರದ ಕುಳಿಗೆ ಹರಳಿಟ್ಟು, ಸುತ್ತಲಿನ ಚಿನ್ನವನ್ನು ಸಣ್ಣ ಉಳಿಯಿಂದ ಹರಳಿನ ಮೇಲಕ್ಕೆ ತಳ್ಳುತ್ತಿದ್ದರು. ಬೆರಳಿಂದ ಅಲ್ಲಾಡಿಸಿ ನೋಡಿ, "ಕೂತ್ಕೊಂತು ಅಕ್ಕ" ಅಂದರು. ನಾನು ಮೊದಲು 'ರತ್ನ ಜೋಡಣೆ' ಅಂತ ಬರೆದಿದ್ದೆ. ಆಟೋದಲ್ಲೇ ಹೊಡೆದುಹಾಕಿ 'ಹರಳು ಕೂರಿಸುವುದು' ಅಂತ ತಿದ್ದಿದೆ.

ಹಾಗಂತ ಎಲ್ಲಾ ಕಡೆ 'ಕೂರಿಸು' ನಡೆಯುವುದಿಲ್ಲ. ಇಂಗ್ಲಿಷಿನಲ್ಲಿ ಸೂರ್ಯ 'ಸೆಟ್' ಆದರೆ ನಮ್ಮಲ್ಲಿ ಹೊತ್ತು ಮುಳುಗುತ್ತದೆ. ಮಳೆ 'ಸೆಟ್ ಇನ್' ಆದರೆ ಮಳೆ ಹಿಡಿಯುತ್ತದೆ. ಅಲಾರಂ ಇಡುತ್ತೇವೆ, ಬೋನು ಒಡ್ಡುತ್ತೇವೆ, ಬೆಂಕಿ ಹಚ್ಚುತ್ತೇವೆ, ಮದುವೆಗೆ ದಿನ ಗೊತ್ತು ಮಾಡುತ್ತೇವೆ. ಊಟಕ್ಕೆ ಟೇಬಲ್ 'ಸೆಟ್' ಮಾಡಿ ಅಂದರೆ ನಮ್ಮ ಮನೆಯಲ್ಲಿ 'ಎಲೆ ಹಾಕಿ' ಅಂತ. ಆದರೆ ಓವನ್ ಪುಸ್ತಿಕೆಯಲ್ಲಿ ಎಲೆ ಹಾಕಿ ಅಂತ ಬರೆದರೆ ಓವನ್ನಿಗೇ ಎಲೆ ಹಾಕಿಯಾರು ಅನ್ನುವ ಭಯ. ಅಲ್ಲಿ 'ತಟ್ಟೆ ಲೋಟ ಇಡಿ' ಅಂದೆ.

ಇಷ್ಟರಲ್ಲಿ ಒಂದು ವಿಷಯ ತಲೆಗೆ ಹೋಗಿತ್ತು. ನಮ್ಮಲ್ಲಿ ಕ್ರಿಯಾಪದವನ್ನು ಆರಿಸುವುದು ಆ ವಸ್ತು. ಹಾಗಾಗಿ ನೋಟ್‌ಬುಕ್ಕಿನಲ್ಲಿ ಸಮಾನಾರ್ಥಕ ಪದಗಳ ಪಟ್ಟಿ ಬರೆಯುವುದನ್ನೇ ಬಿಟ್ಟೆ. ಎಡಪುಟದಲ್ಲಿ ವಸ್ತು: ಮೊಸರು, ಮೂಳೆ, ಬೆಲೆ, ಗಡಿಯಾರ. ಬಲಪುಟದಲ್ಲಿ ಅದರ ಜೊತೆ ದಿನಾ ಒಡನಾಡುವವರ ಬಾಯಿಂದ ಬಂದ ಇಡೀ ವಾಕ್ಯ. ಮೊಸರಿನ ಮುಂದೆ ಅಮ್ಮನ ಮಾತಿದೆ: "ಹೆಪ್ಪು ಹಾಕಿದೀನಿ, ಅಲ್ಲಾಡಿಸ್ಬೇಡ." ಪುಡಿಂಗ್ ಮುಂದೆ 'ಗಟ್ಟಿಯಾಗಲು ಬಿಡಿ'. ಹೆಪ್ಪು ಹಾಕದೆ ಗಟ್ಟಿಯಾಗುವುದು ಬೇರೆ, ಅಲ್ವಾ?

ಜಾಸ್ತಿ ಹೊತ್ತು ತಿಂದಿದ್ದು ಸಿಮೆಂಟು. 'ಸೆಟ್ಟಿಂಗ್' ಮತ್ತು 'ಹಾರ್ಡನಿಂಗ್' ಎರಡಕ್ಕೂ ನಾನು 'ಗಟ್ಟಿಯಾಗುವುದು' ಅಂತಲೇ ಹಾಕಿದ್ದೆ. ಅನುಮಾನ ಬಂದು ಬನಶಂಕರಿ ಆರನೇ ಹಂತದಲ್ಲಿ ಮನೆ ಕಟ್ಟುತ್ತಿದ್ದ ಮೇಸ್ತ್ರಿಯೊಬ್ಬರನ್ನು ಕೇಳಿದೆ. ಅವರು ಗಾರೆಯ ಮೇಲೆ ಬೆರಳೊತ್ತಿ ತೋರಿಸಿದರು. ಗುರುತು ಬಿತ್ತು. "ಇನ್ನೂ ಸೆಟ್ ಆಗಿಲ್ಲ. ಗುರುತು ಬೀಳ್ದೇ ಇದ್ರೆ ಸೆಟ್. ಹಂಗಂತ ಗಟ್ಟಿ ಆಯ್ತು ಅಂದ್ಕೊಂಡು ಹತ್ತಿ ನಿಂತೀರಾ ಮೇಡಂ!" ಪುಸ್ತಿಕೆಯಲ್ಲಿದ್ದ ಅಂಕಿಗಳು ಆಗ ಅರ್ಥವಾದವು. ಮಾಮೂಲಿ ಪೋರ್ಟ್‌ಲ್ಯಾಂಡ್ ಸಿಮೆಂಟ್ ಸೆಟ್ ಆಗಲು ಶುರುವಾಗುವುದು 30 ನಿಮಿಷಕ್ಕಿಂತ ಮುಂಚೆ ಇರಬಾರದು, ಸೆಟ್ ಆಗಿ ಮುಗಿಯುವುದು 600 ನಿಮಿಷ ದಾಟಬಾರದು. ಗಟ್ಟಿತನ ಅಳೆಯುವುದು ಮಾತ್ರ 28 ದಿನದ ಲೆಕ್ಕದಲ್ಲಿ. ಎರಡಕ್ಕೂ ಒಂದೇ ಪದ ಹಾಕಿದ್ದರೆ ಓದಿದವರು ಮೊದಲ ದಿನವೇ ಭಾರ ಹೇರುತ್ತಿದ್ದರೋ ಏನೋ. 'ಘನೀಭವನ' ಅಂತ ಹಾಕಿ ಅಂದರು ಏಜೆನ್ಸಿಯವರು. ನಾನು 'ಸೆಟ್ ಆಗುವ ಸಮಯ' ಅಂತಲೇ ಉಳಿಸಿದೆ. ಮೇಸ್ತ್ರಿ ಹೇಳುವುದೇ ಹಾಗೆ, ಓದಬೇಕಾದವರೂ ಅವರೇ.

ನಾಮಪದದ 'ಸೆಟ್' ನಿಜವಾಗಿ ಬೇರೆ ಮನೆಯದು. ಲ್ಯಾಟಿನ್ನಿನ 'ಸೆಕ್ಟಾ' ಹಳೆಯ ಫ್ರೆಂಚಿಗೆ ಬಂದು 'ಸೆಟ್ಟೆ' ಆಗಿ, ಇಂಗ್ಲಿಷಿನಲ್ಲಿ ಈ 'ಸೆಟ್' ಜೊತೆ ಸೇರಿಕೊಂಡಿತು. ಪಂಗಡ, ಗುಂಪು ಅನ್ನುವ ಅರ್ಥ ಅದರದು. ಗಣಿತದ ಪುಸ್ತಕದಲ್ಲಿ ಅದು 'ಗಣ', ಹೋಟೆಲಿನಲ್ಲಿ ಅದೇ ಸೆಟ್ ದೋಸೆ. ಇಲ್ಲಿ ಅನುವಾದ ಮಾಡಲು ಹೋಗಬಾರದು. 'ಗಣ ದೋಸೆ' ಅಂದರೆ ಯಾರು ತಿಂತಾರೆ?

ಕೊನೆಗೆ ಗಾಡಿ ಉಲ್ಟಾ ಓಡಿತು. ಹೋದ ತಿಂಗಳು ಒಂದು ಕಿರುಚಿತ್ರಕ್ಕೆ ಇಂಗ್ಲಿಷ್ ಸಬ್‌ಟೈಟಲ್ ಮಾಡಬೇಕಿತ್ತು. ಹುಡುಗಿ ಹೇಳುತ್ತಾಳೆ: "ನಂಗೂ ಅವ್ನಿಗೂ ಸೆಟ್ ಆಗಲ್ಲ ಬಿಡೇ." ಲೈಫ್ ಸೆಟ್, ಈ ಶರ್ಟ್ ನಿಂಗೆ ಸೆಟ್ ಆಗುತ್ತೆ, ಈ ಊರು ನಂಗೆ ಸೆಟ್ ಆಗಲಿಲ್ಲ: ಇವು ನಾವೇ ಸೇರಿಸಿದ ಅರ್ಥಗಳು. ಇಂಗ್ಲಿಷ್ ಪದವೇ ಹೌದು, ಆದರೆ ಇಂಗ್ಲಿಷಿಗೆ ವಾಪಸ್ ಕೊಟ್ಟರೆ ಅವರಿಗೆ ಅರ್ಥವಾಗುವುದಿಲ್ಲ. 'ವಿ ಡೋಂಟ್ ಗೆಟ್ ಅಲಾಂಗ್' ಅಂತ ಹಾಕಿದೆ. 'ಸೆಟ್' ಹೋಯಿತು, 'ಗೆಟ್' ಬಂತು. ಗಾಂಧಿ ಬಜಾರಿನಿಂದ ಇನ್ನೊಂದು ನೋಟ್‌ಬುಕ್ ತಂದಿದ್ದೇನೆ, 200 ಪುಟದ್ದು.