ಅಸಲು ಒಂದು, ನಕಲು ಐವತ್ತು: ಕಾಸರಗೋಡಿನ ಜೆರಾಕ್ಸ್ ಅಂಗಡಿಯಲ್ಲಿ ಪಂಕ್ ಝೀನ್

ಪಂಕ್ ಎಂಬ ಒರಟು ರಾಕ್ ಸಂಗೀತದ ಬಗ್ಗೆ ಮಾತು ಶುರುವಾದರೆ ಹತ್ತು ನಿಮಿಷದೊಳಗೆ ಯಾರು ಅಸಲಿ, ಯಾರು ನಕಲಿ ಎಂಬ ಜಗಳಕ್ಕೆ ಬಂದು ನಿಲ್ಲುತ್ತದೆ. ಝೀನ್ ಮಾಡುವವರಿಗೆ ಈ ಪದಗಳ ಅರ್ಥವೇ ಬೇರೆ. ಕತ್ತರಿಸಿ ಅಂಟಿಸಿದ ಹಾಳೆ ಅಸಲು, ಯಂತ್ರದಿಂದ ಹೊರಬಂದದ್ದು ನಕಲು. ಓದುಗರ ಕೈಗೆ ಹೋಗುವುದು ಯಾವಾಗಲೂ ನಕಲೇ.

ಝೀನ್ ಎಂದರೆ ಸಂಪಾದಕ ಮಂಡಳಿ, ಪ್ರಕಾಶಕ ಯಾವುದೂ ಇಲ್ಲದೆ ಒಬ್ಬಿಬ್ಬರು ಸೇರಿ ಜೆರಾಕ್ಸ್ ಮಾಡಿ ಹಂಚುವ ಪುಟ್ಟ ಪತ್ರಿಕೆ. 1976ರಲ್ಲಿ ಲಂಡನ್ನಿನ ಬ್ಯಾಂಕ್ ಗುಮಾಸ್ತ ಮಾರ್ಕ್ ಪೆರ್ರಿ ‘ಸ್ನಿಫಿನ್ ಗ್ಲೂ’ ಎಂಬ ಪಂಕ್ ಝೀನ್ ತೆಗೆದಾಗ ಬಳಸಿದ್ದು ಒಂದು ಟೈಪ್‌ರೈಟರ್ ಮತ್ತು ತಲೆಬರಹಕ್ಕೆ ಒಂದು ದಪ್ಪ ಸ್ಕೆಚ್ ಪೆನ್. ಕಾಸರಗೋಡು, ಕುಂಬಳೆ, ಬದಿಯಡ್ಕ, ಉಪ್ಪಳ, ಎಲ್ಲಿ ಹೋದರೂ ಜೆರಾಕ್ಸ್ ಅಂಗಡಿ ಇದೆ. ಬೇಕಾದ ಕಾರ್ಖಾನೆ ಅಷ್ಟೇ.

ಮೊದಲು ಡಮ್ಮಿ, ಅಂದರೆ ಖಾಲಿ ಮಾದರಿ ಪುಸ್ತಕ, ಮಾಡಿಕೊಳ್ಳಿ. ನಾಲ್ಕು ಎ4 ಹಾಳೆ ಒಂದರ ಮೇಲೊಂದು ಇಟ್ಟು ನಡುವೆ ಮಡಚಿದರೆ 16 ಪುಟದ ಎ5 ಪುಸ್ತಕ. ಪೆನ್ಸಿಲಿನಲ್ಲಿ 1ರಿಂದ 16ರವರೆಗೆ ಸಂಖ್ಯೆ ಹಾಕಿ, ಆಮೇಲೆ ಬಿಡಿಸಿ. ಹೊರಗಿನ ಹಾಳೆಯ ಒಂದು ಬದಿಯಲ್ಲಿ 16 ಮತ್ತು 1, ಹಿಂಬದಿಯಲ್ಲಿ 2 ಮತ್ತು 15. ಎರಡನೆಯದರಲ್ಲಿ 14 ಮತ್ತು 3, ಹಿಂದೆ 4 ಮತ್ತು 13. ಮೂರನೆಯದರಲ್ಲಿ 12 ಮತ್ತು 5, ಹಿಂದೆ 6 ಮತ್ತು 11. ಒಳಗಿನದರಲ್ಲಿ 10 ಮತ್ತು 7, ಹಿಂದೆ 8 ಮತ್ತು 9. ಅಕ್ಕಪಕ್ಕದ ಎರಡು ಸಂಖ್ಯೆ ಕೂಡಿದರೆ ಯಾವಾಗಲೂ 17 ಬರಬೇಕು, ಬಾರದಿದ್ದರೆ ಎಲ್ಲೋ ತಪ್ಪಿದೆ. ಡಮ್ಮಿಯನ್ನು ಎಸೆಯಬೇಡಿ, ಕೊನೆಯವರೆಗೂ ಅದೇ ನಕ್ಷೆ. ಎಂಟು ಪುಟ ಸಾಕೆಂದರೆ ಎರಡೇ ಹಾಳೆ, ಆಗ ಮೊತ್ತ 9. ಹತ್ತು ಪುಟದ ಝೀನ್ ಮಾಡಲು ಹೋಗಬೇಡಿ, ಪುಟಗಳು ನಾಲ್ಕರ ಲೆಕ್ಕದಲ್ಲೇ ಏರುತ್ತವೆ.

ಅಸಲಿಗೆ ಎಂಟು ಎ4 ಹಾಳೆ ಬೇಕು, ಒಂದೊಂದು ಬದಿಗೆ ಒಂದೊಂದು. ಸುತ್ತ 10 ಮಿ.ಮೀ. ಖಾಲಿ ಬಿಡಿ, ನಡುವಿನ ಮಡಿಕೆಯ ಆಚೆ ಈಚೆಯೂ ಅಷ್ಟೇ. ಯಂತ್ರ ಅಂಚಿನ ನಾಲ್ಕೈದು ಮಿ.ಮೀ. ಅಚ್ಚು ಮಾಡುವುದೇ ಇಲ್ಲ. ಅಲ್ಲಿ ಬರೆದ ಸಾಲಿನ ಕೊನೆಯ ಅಕ್ಷರ ಹಾರಿಹೋಗುತ್ತದೆ.

ಇನ್ನು ಕನ್ನಡದ ಕಷ್ಟ. ಪಂಕ್ ಎಂದರೆ ಪತ್ರಿಕೆಯಿಂದ ಒಂದೊಂದೇ ಅಕ್ಷರ ಕತ್ತರಿಸಿ ಅಂಟಿಸುವ ತಲೆಬರಹ ಎಂದು ಎಲ್ಲರಿಗೂ ನೆನಪಾಗುತ್ತದೆ. ಲಂಡನ್ನಿನ ಪಂಕ್ ತಂಡ ಸೆಕ್ಸ್ ಪಿಸ್ಟಲ್ಸ್‌ಗೆ ಕಲಾವಿದ ಜೇಮೀ ರೀಡ್ ಮಾಡಿಕೊಟ್ಟ ಶೈಲಿ ಅದು. ಇಂಗ್ಲಿಷಿನಲ್ಲಿ 26 ತುಂಡು ಸಿಕ್ಕಿದರೆ ಯಾವ ಪದವನ್ನೂ ಕಟ್ಟಬಹುದು. ನಮ್ಮಲ್ಲಿ ‘ಸ್ವಾತಂತ್ರ್ಯ’ ಬೇಕಾದರೆ ‘ತ್ರ್ಯ’ ಹುಡುಕುತ್ತಾ ಒಂದು ವಾರದ ಪತ್ರಿಕೆ ಮಗುಚಬೇಕು. ‘ತ’ಕ್ಕೆ ಬೇರೆಲ್ಲಿಂದಲೋ ರಕಾರದ ಒತ್ತು ತಂದು ಅಂಟಿಸಿದರೆ ಅದು ಮುರಿದ ಹಲ್ಲಿನ ಹಾಗೆ ಕಾಣುತ್ತದೆ. ಅಕ್ಷರವನ್ನು ಒತ್ತು, ಗುಣಿತ, ದೀರ್ಘ ಎಲ್ಲ ಸೇರಿದ ಇಡೀ ಘಟಕವಾಗಿಯೇ ಕತ್ತರಿಸಿ, ಕೆಳಗೆ ಒತ್ತಿನ ಬಾಲಕ್ಕೆ ಜಾಗ ಬಿಡಿ. ಇಲ್ಲವೇ ಒತ್ತಿಲ್ಲದ ಪದವನ್ನೇ ಆರಿಸಿಕೊಳ್ಳಿ: ‘ಗಲಾಟೆ’, ‘ಬೇಡ’, ‘ಯಾರು ಕೇಳಿದರು’. ಸುಲಭವೂ ಹೌದು, ಬಾಯಿಗೂ ಹತ್ತಿರ. ನಡುನಡುವೆ ಮಲಯಾಳಂ ಪತ್ರಿಕೆಯ ಅಕ್ಷರಗಳನ್ನೂ ಸೇರಿಸಿದರೆ ಊರಿನ ಅಂಗಡಿ ಬೋರ್ಡುಗಳ ಹಾಗೆಯೇ ಆಗುತ್ತದೆ, ತಪ್ಪೇನಿಲ್ಲ.

ಪತ್ರಿಕೆಯ ಕಾಗದ ತೆಳು, ಹಿಂಬದಿಯ ಸುದ್ದಿ ಮುಂದೆ ಕಾಣುತ್ತದೆ. ಕತ್ತರಿಸುವ ಮೊದಲು ಹಿಂದೆ ಕಪ್ಪು ಚಾರ್ಟ್ ಕಾಗದ ಇಟ್ಟು ಆ ಪುಟದ ಜೆರಾಕ್ಸ್ ತೆಗೆದು, ಆ ಪ್ರತಿಯಿಂದ ಕತ್ತರಿಸಿ. ಅಂಟಿಸಲು ಗ್ಲೂ ಸ್ಟಿಕ್ ಸಾಕು. ಬಿಳಿ ಫೆವಿಕಾಲ್ ಕಾಗದವನ್ನು ಸುಕ್ಕುಗಟ್ಟಿಸುತ್ತದೆ, ಸುಕ್ಕು ಜೆರಾಕ್ಸ್‌ನಲ್ಲಿ ಬೂದು ಗೆರೆಯಾಗಿ ಬರುತ್ತದೆ. ಮೈದಾ ಅಂಟು ಅಗ್ಗವೇ, ಆದರೆ ಆಟಿಯ ಮಳೆಯಲ್ಲಿ ನಾಲ್ಕೇ ದಿನಕ್ಕೆ ಬೂಸ್ಟು. ತುಂಡಿನ ಅಂಚಿನ ನೆರಳು ಬೇಡವೆಂದರೆ ವೈಟ್ನರ್ ಸವರಿ. ಬೇಕೆಂದರೆ ಬಿಡಿ, ಅದೂ ಒಂದು ಚೆಂದ.

ಕೈಬರಹಕ್ಕೆ ಕಪ್ಪು ಜೆಲ್ ಪೆನ್ನು. ನೀಲಿ ಬಾಲ್ ಪೆನ್ನು ಮಂಕಾಗುತ್ತದೆ, ಪೆನ್ಸಿಲ್ ಅರ್ಧ ಮಾಯ. ಟೈಪ್ ಮಾಡುವುದಾದರೆ ಅಕ್ಷರ 11 ಪಾಯಿಂಟಿಗಿಂತ ಸಣ್ಣದು ಬೇಡ, ಸಾಲಿನ ಅಂತರ ಒಂದೂವರೆ ಪಟ್ಟು ಇರಲಿ. ಫೈಲನ್ನು ಪಿಡಿಎಫ್ ಮಾಡಿಯೇ ಕಳಿಸಿ. ವರ್ಡ್ ಫೈಲ್ ಕೊಟ್ಟರೆ ಅಂಗಡಿಯ ಕಂಪ್ಯೂಟರಿನಲ್ಲಿ ಆ ಫಾಂಟ್ ಇಲ್ಲದೆ ಒತ್ತಕ್ಷರಗಳೆಲ್ಲ ಬಿಡಿಬಿಡಿಯಾಗಿ ಉದುರುತ್ತವೆ, ಮತ್ತು ಮಲಯಾಳಂ ಮಾತ್ರ ಓದಬಲ್ಲ ಅಂಗಡಿಯವರಿಗೆ ಅದು ಗೊತ್ತೂ ಆಗುವುದಿಲ್ಲ.

ಫೋಟೋವನ್ನು ನಕಲಿನ ನಕಲು ತೆಗೆದಷ್ಟೂ ಬೂದು ಬಣ್ಣ ಹೋಗಿ ಕಪ್ಪು ಬಿಳುಪು ಗಟ್ಟಿಯಾಗುತ್ತದೆ. ಮೂರು ಸಲಕ್ಕೆ ಪಂಕ್ ಪೋಸ್ಟರಿನ ಒರಟುತನ ಬರುತ್ತದೆ. ಆದರೆ ಅಕ್ಷರಕ್ಕೆ ಈ ಚಿಕಿತ್ಸೆ ನಡೆಯದು: ಮೂರನೇ ತಲೆಮಾರಿಗೆ ‘ಷ’ ಮತ್ತು ‘ಪ’ ಒಂದೇ, ಒತ್ತುಗಳು ಇಂಕಿನ ಚುಕ್ಕೆ. ಚಿತ್ರಗಳನ್ನು ಬೇರೆಯಾಗಿ ಮೂರು ಸಲ ಓಡಿಸಿ, ಕೊನೆಗೆ ಅಸಲು ಹಾಳೆಯಲ್ಲಿ ಹೊಸ ಅಕ್ಷರದ ಪಕ್ಕ ಅಂಟಿಸಿ.

ಏನು ಬರೆಯುವುದು? ಪಂಕ್ ಚರಿತ್ರೆಗೆ ನಾಲ್ಕು ಪುಟಕ್ಕಿಂತ ಹೆಚ್ಚು ಬೇಡ, ಬರೆದದ್ದು ಸರಿಯಿರಲಿ. ತಪ್ಪುಗಳು ಹೆಚ್ಚಾಗಿ ಪಂಕ್‌ನ ಕವಲುಗಳು ಮತ್ತು ನೆರೆಯ ಗುಂಪುಗಳ ಬಗ್ಗೆಯೇ ಆಗುವುದು. ತಲೆ ನುಣ್ಣಗೆ ಕತ್ತರಿಸಿಕೊಂಡ ಸ್ಕಿನ್‌ಹೆಡ್ ಎಂದರೆ ನಾಜಿ ಎಂದು ಬರೆದುಬಿಡುತ್ತಾರೆ; 1960ರ ದಶಕದ ಕೊನೆಗೆ ಇಂಗ್ಲೆಂಡಿನ ಕಾರ್ಮಿಕರ ಕೇರಿಗಳಲ್ಲಿ ಹುಟ್ಟಿದಾಗ ಅವರು ಕುಣಿದದ್ದು ಜಮೈಕಾದ ಸಂಗೀತಕ್ಕೆ, ಜನಾಂಗದ್ವೇಷಿಗಳು ಒಳನುಗ್ಗಿದ್ದು ಆಮೇಲೆ. ಸ್ಟ್ರೈಟ್ ಎಡ್ಜ್, ಅಂದರೆ ಕುಡಿತ, ಡ್ರಗ್ಸ್ ಬೇಡವೆನ್ನುವ ಕವಲು, ಹೆಸರು ಪಡೆದದ್ದು ಅಮೆರಿಕದ ರಾಜಧಾನಿ ವಾಷಿಂಗ್ಟನ್ನಿನ ಮೈನರ್ ಥ್ರೆಟ್ ತಂಡದ 1981ರ ಹಾಡಿನಿಂದ. ರಯಟ್ ಗರ್ಲ್, ಅಂದರೆ ಸ್ತ್ರೀವಾದಿ ಹುಡುಗಿಯರ ಪಂಕ್, 1990ರ ದಶಕದ ಆರಂಭದ್ದು, ವಾಷಿಂಗ್ಟನ್ ರಾಜ್ಯದ ಒಲಿಂಪಿಯಾ ಪಟ್ಟಣದ ಸುತ್ತಿನದು. ಈ ಎರಡು ವಾಷಿಂಗ್ಟನ್‌ಗಳನ್ನು ಬೆರೆಸಬೇಡಿ, ನಡುವೆ ಇಡೀ ಅಮೆರಿಕ ಇದೆ. ಗಿಟಾರಿನ ಮೂರು ಕಾರ್ಡ್‌ಗಳ (ಒಟ್ಟಿಗೆ ನುಡಿಸುವ ಸ್ವರಗಳ) ಚಿತ್ರ ಬರೆದು ಇನ್ನು ಬ್ಯಾಂಡ್ ಕಟ್ಟಿ ಎಂದ ಆ ಪ್ರಸಿದ್ಧ ಪುಟವನ್ನು ಎಲ್ಲರೂ ‘ಸ್ನಿಫಿನ್ ಗ್ಲೂ’ ಲೆಕ್ಕಕ್ಕೆ ಹಾಕುತ್ತಾರೆ, ಅದು ಬಂದದ್ದು ‘ಸೈಡ್‌ಬರ್ನ್ಸ್’ ಎಂಬ ಬೇರೆ ಝೀನಿನಲ್ಲಿ.

ಅಸಲಿ ನಕಲಿ ಜಗಳಕ್ಕೆ ಒಂದು ಪುಟ ಇಡುವುದಾದರೆ ಅದರ ಬೇರು ದುಡ್ಡಿನಲ್ಲಿದೆ ಎಂಬುದನ್ನು ಮರೆಯಬೇಡಿ. 1977ರ ಜನವರಿಯಲ್ಲಿ ಲಂಡನ್ನಿನ ಕ್ಲ್ಯಾಶ್ ತಂಡ ಸಿಬಿಎಸ್ ಎಂಬ ದೊಡ್ಡ ರೆಕಾರ್ಡ್ ಕಂಪನಿಗೆ ಸಹಿ ಹಾಕಿದ ದಿನವೇ ಪಂಕ್ ಸತ್ತಿತು ಎಂದವನು ಅದೇ ಮಾರ್ಕ್ ಪೆರ್ರಿ. ಅಮೆರಿಕದ ಗ್ರೀನ್ ಡೇ ತಂಡ ದೊಡ್ಡ ಕಂಪನಿಗೆ ಹೋದಾಗ, ಅವರು ಬೆಳೆದ ಬರ್ಕ್ಲಿಯ ಗಿಲ್ಮನ್ ಸ್ಟ್ರೀಟ್ ವೇದಿಕೆಯ ಬಾಗಿಲು ಅವರಿಗೆ ಮುಚ್ಚಿತು. ದೊಡ್ಡ ಕಂಪನಿಯ ತಂಡಗಳಿಗೆ ಅಲ್ಲಿ ಜಾಗವಿಲ್ಲ ಎಂಬುದು ಆಗಿನ ನಿಯಮ. ಜಾಕೆಟ್, ಕೂದಲಿನ ವಿಷಯ ಇದರ ಮುಂದೆ ಚಿಲ್ಲರೆ. ಮೇ ತಿಂಗಳ ಕಾಸರಗೋಡಿನ ಸೆಕೆಯಲ್ಲಿ ಚರ್ಮದ ಜಾಕೆಟ್ ಹಾಕಿಕೊಂಡು ಅಸಲಿತನ ತೋರಿಸುವ ಅಗತ್ಯ ಯಾರಿಗೂ ಇಲ್ಲ.

ಊರಿನದ್ದಾಗಬೇಕು ಎಂದು ಮುಖಪುಟಕ್ಕೆ ತೆಯ್ಯದ ಮುಖವನ್ನೋ ಭೂತದ ಅಣಿಯನ್ನೋ ಹಾಕಿ ‘ನಮ್ಮ ಪಂಕ್’ ಎನ್ನುವ ಆಸೆ ಬರುತ್ತದೆ. ಬೇಡ. ಅದು ಕಟ್ಟುವವರ ಬದುಕು, ನಂಬುವವರ ದೈವ, ಹೇರ್‌ಸ್ಟೈಲ್ ಅಲ್ಲ. ಊರು ಬರಬೇಕಾದದ್ದು ಭಾಷೆಯಲ್ಲಿ ಮತ್ತು ವಿಷಯದಲ್ಲಿ. ಹವ್ಯಕ ಕನ್ನಡವೋ, ಕನ್ನಡ ಲಿಪಿಯ ತುಳುವೋ, ಮನೆಯಲ್ಲಿ ಆಡುವುದನ್ನೇ ಬರೆಯಿರಿ. ‘ಎಂತ ಮಾರಾಯ’ ಎಂದು ಮಾತಾಡುವವರು ಝೀನಿನಲ್ಲಿ ‘ಏನೆಂದು ಹೇಳಲಿ ಮಿತ್ರರೇ’ ಎಂದು ಬರೆದರೆ ಶಾಲಾ ವಾರ್ಷಿಕೋತ್ಸವದ ಸ್ವಾಗತ ಭಾಷಣ ಆಗುತ್ತದೆ. ಸರ್ಕಾರಿ ಅರ್ಜಿ ನಮೂನೆ ಕನ್ನಡದಲ್ಲಿ ಸಿಗದಿರುವುದು, ಎಂಡೋಸಲ್ಫಾನ್ ಸಿಂಪಡಿಸಿದ ಗೇರುತೋಟಗಳು, ಕೊನೆಯ ಬಸ್ಸು ತಪ್ಪಿದರೆ ಮುಳ್ಳೇರಿಯಕ್ಕೆ ಹೋಗುವ ಪಾಡು: ವಿಷಯಕ್ಕೆ ಬರವಿಲ್ಲ. ಯಾರದ್ದಾದರೂ ಫೋಟೋ ಹಾಕುವುದಾದರೆ ಕೇಳಿ ಹಾಕಿ.

ಅಂಗಡಿಗೆ ಸಂಜೆ ಹೋಗಬೇಡಿ, ಮಕ್ಕಳ ಪ್ರಾಜೆಕ್ಟ್ ಮತ್ತು ಆಧಾರ್ ಪ್ರತಿಗಳ ಗದ್ದಲ. ಮಧ್ಯಾಹ್ನ ಊಟದ ನಂತರ ಒಳ್ಳೆಯ ಹೊತ್ತು. ‘ರಂಡ್ ಸೈಡ್’ (ಮಲಯಾಳಂನಲ್ಲಿ ಎರಡು ಬದಿ) ಎಂದು ಹೇಳಿ, ಅಳತೆ 100 ಶೇಕಡಾ ಇರಲಿ ಎನ್ನಿ; ‘ಫಿಟ್’ ಒತ್ತಿದರೆ ಪುಟ ಕುಗ್ಗಿ ಮಡಿಕೆ ತಪ್ಪುತ್ತದೆ. ಮೊದಲು ಒಂದೇ ಹಾಳೆ ತೆಗೆಸಿ, ಪುಸ್ತಕದ ಪುಟ ಮಗುಚುವ ಹಾಗೆ ಬಲದಿಂದ ಎಡಕ್ಕೆ ತಿರುಗಿಸಿ. ಹಿಂಬದಿ ತಲೆಕೆಳಗಾಗಿದ್ದರೆ ಎರಡನೇ ಅಸಲನ್ನು ಗಾಜಿನ ಮೇಲೆ ಅರ್ಧ ಸುತ್ತು ತಿರುಗಿಸಿದರೆ ಸರಿ. ಮತ್ತೆ ನಾಲ್ಕೂ ಹಾಳೆಯ ಒಂದು ಸೆಟ್ ತೆಗೆದು ಮಡಚಿ, ಡಮ್ಮಿ ಜತೆ ಹೋಲಿಸಿ. ಆಮೇಲಷ್ಟೇ ಐವತ್ತು. ಮಳೆಗಾಲದಲ್ಲಿ ಹೊಸ ಬಂಡಲ್ ಒಡೆಯಲು ಹೇಳಿ. ತೇವ ಕುಡಿದ ಕಾಗದ ಸುರುಳಿಯಾಗಿ ಯಂತ್ರದಲ್ಲಿ ಸಿಕ್ಕಿಕೊಳ್ಳುತ್ತದೆ, ಟೋನರ್ ಸರಿಯಾಗಿ ಹಿಡಿಯದೆ ಬೆರಳಿಗೆ ಮೆತ್ತುತ್ತದೆ.

ಹತ್ತನೇ ನಂಬರಿನ ಸಣ್ಣ ಸ್ಟೇಪ್ಲರ್ ಮಡಿಕೆಯವರೆಗೆ ತಲುಪದು. ಅದನ್ನು ಪೂರ್ತಿ ಬಿಡಿಸಿ, ಹಳೆಯ ಹವಾಯಿ ಚಪ್ಪಲಿಯ ಮೇಲೆ ಝೀನನ್ನು ಮುಖಪುಟ ಮೇಲಾಗಿ ಬಿಡಿಸಿಟ್ಟು, ಮಡಿಕೆಯ ಮೇಲೆ, ಮೇಲಿನಿಂದ 5 ಸೆಂ.ಮೀ., ಕೆಳಗಿನಿಂದ 5 ಸೆಂ.ಮೀ. ಒತ್ತಿ. ಪಿನ್ನಿನ ಕಾಲು ರಬ್ಬರಿಗೆ ಇಳಿಯುತ್ತದೆ. ಮೆಲ್ಲಗೆ ಎತ್ತಿ, ತಿರುಗಿಸಿ, ಚಮಚದ ಹಿಂಬದಿಯಿಂದ ಕಾಲುಗಳನ್ನು ಮಡಚಿ. ಉಪ್ಪು ಗಾಳಿಗೆ ಪಿನ್ನು ತುಕ್ಕು ಹಿಡಿಯುತ್ತದೆ ಎನ್ನುವವರು ಮೂರು ತೂತು ಮಾಡಿ ದಾರದಲ್ಲಿ ಹೊಲಿಯಬಹುದು, ಪ್ರತಿಗೆ ಅರ್ಧ ಮೀಟರ್ ಸಾಕು.

ಬೆಲೆ. 1978ರಲ್ಲಿ ಸ್ಕ್ರಿಟ್ಟಿ ಪೊಲಿಟ್ಟಿ ತಂಡ ತನ್ನ ಮೊದಲ ರೆಕಾರ್ಡಿನ ಹೊದಿಕೆಯ ಮೇಲೆಯೇ ತಯಾರಿಯ ಖರ್ಚನ್ನು ಅಚ್ಚು ಮಾಡಿತ್ತು. ನೀವೂ ಹಾಗೆಯೇ ಮಾಡಿ. ಪ್ರತಿಗೆ ಎಂಟು ಬದಿ, 50ಕ್ಕೆ 400 ಬದಿ. ಬದಿಗೆ 1.50 ರೂಪಾಯಿ ಆದರೆ 600, ಅಂಟು ಪಿನ್ನಿಗೆ 40 ಎಂದಿಟ್ಟುಕೊಳ್ಳಿ. ಹತ್ತು ಪ್ರತಿ ಬೇರೆ ಝೀನಿಗೆ ಬದಲಾಗಿ ಕೊಡಲು, ಉಳಿದ 40ಕ್ಕೆ ತಲಾ 16 ರೂಪಾಯಿ. ಹದಿನಾರು ಎಂದೇ ಬರೆಯಿರಿ, ಇಪ್ಪತ್ತು ಮಾಡಬೇಡಿ. ಲೆಕ್ಕ ಕೊನೆಯ ಪುಟದ ಮೇಲರ್ಧದಲ್ಲಿ ಇರಲಿ.

ಕೆಳಗಿನ ಅರ್ಧ ವಿಳಾಸಕ್ಕೆ ಖಾಲಿ ಬಿಡಿ. 70 ಜಿಎಸ್‌ಎಂ ಕಾಗದದ ನಾಲ್ಕು ಎ4 ಹಾಳೆ ಸುಮಾರು 17.5 ಗ್ರಾಂ ತೂಗುತ್ತದೆ, ಸಾಧಾರಣ ಅಂಚೆಯ ಮೊದಲ ಹಂತ 20 ಗ್ರಾಂ. ಲಕೋಟೆಗೆ ಹಾಕಿದಿರೋ, ಮುಂದಿನ ಹಂತದ ಸ್ಟಾಂಪು ಬೇಕು. ಲಕೋಟೆ ಇಲ್ಲದೆ ಇನ್ನೊಮ್ಮೆ ಮಡಚಿ, ಒಂದು ತುಂಡು ಕಾಗದದಿಂದ ಅಂಟಿಸಿ ಕಳಿಸಿ. ಊರಿನ ವಾಚನಾಲಯಗಳಲ್ಲಿ ಕೇಳಿಕೊಂಡು ಒಂದೊಂದು ಇಡಬಹುದು.

ಅಸಲು ಹಾಳೆಗಳನ್ನು ಮಡಚದೆ ಪ್ಲಾಸ್ಟಿಕ್ ಫೈಲಿನಲ್ಲಿ ಇಟ್ಟುಕೊಳ್ಳಿ. ಅಂಟಿನ ರುಚಿಗೆ ಬೆಳ್ಳಿಹುಳ ಬರುತ್ತದೆ, ಒಂದು ನುಸಿಗುಳಿಗೆ ಹಾಕಿಡಿ. ಎರಡನೇ ಸಲ ಐವತ್ತು ಬೇಕಾದಾಗ ಯಾರದ್ದೋ ಕೈಯಲ್ಲಿ ಉಳಿದ ಪ್ರತಿಯಿಂದ ತೆಗೆಸಿದರೆ ಆ ಒತ್ತಕ್ಷರಗಳು ಮತ್ತೆ ಬರುವುದಿಲ್ಲ.